ಅರದಿಂದ ಉಜ್ಜಿದ ಸೇವಂತಿಗೆ

ಜಪಾನಿನ ಅರಿಸಾಕಾ ರೈಫಲ್ಲಿನ ನಳಿಗೆಯ ಬುಡದಲ್ಲಿ, ತೋಟಾ ಬಂದು ಕೂರುವ ಉಕ್ಕಿನ ಗೂಡಿನ ನೆತ್ತಿಯ ಮೇಲೆ, ಹದಿನಾರು ದಳಗಳ ಸೇವಂತಿಗೆಯೊಂದನ್ನು ಕೆತ್ತಿರುತ್ತಾರೆ. ಅದು ಚಕ್ರವರ್ತಿಯ ಲಾಂಛನ. ಆಯುಧವು ಅದನ್ನು ಹೊತ್ತ ಸಿಪಾಯಿಯ ಸ್ವತ್ತಲ್ಲ, ಸಿಂಹಾಸನದ ಸ್ವತ್ತು ಎಂಬುದಕ್ಕೆ ಮುದ್ರೆ. 1945ರಲ್ಲಿ ಆ ದೇಶವು ಶರಣಾಗತವಾದ ಕಾಲದಲ್ಲಿ, ಗೆದ್ದವರಿಗೆ ಒಪ್ಪಿಸಬೇಕಾಗಿ ಬಂದ ಅಸಂಖ್ಯ ಬಂದೂಕುಗಳ ಮೇಲಿನ ಈ ಹೂವನ್ನು ಅರದಿಂದಲೋ ಸಾಣೆಯಿಂದಲೋ ಉಜ್ಜಿ ಅಳಿಸಲಾಯಿತು. ಅದಕ್ಕೆ ಮುಂಚೆಯೇ ರಣಭೂಮಿಯಲ್ಲಿ ಅಮೆರಿಕದ ಯೋಧರ ಕೈಸೇರಿ, ಅವರ ಸಾಮಾನಿನೊಡನೆ ಸಮುದ್ರ ದಾಟಿ ಮನೆ ಮುಟ್ಟಿದವುಗಳ ಮೇಲೆಯೇ ಹೂವು ಹೆಚ್ಚಾಗಿ ಅಕ್ಷತವಾಗಿ ಉಳಿದಿದೆ. ಇಂದು ಅಮೆರಿಕದ ಬಂದೂಕಿನ ಸಂತೆಗಳಲ್ಲಿ ಹೂವುಳ್ಳ ಅರಿಸಾಕಾಕ್ಕೆ ಒಂದು ಬೆಲೆ, ಹೂವಳಿದದ್ದಕ್ಕೆ ಅದಕ್ಕಿಂತ ಬಹಳ ಕೆಳಗಿನ ಮತ್ತೊಂದು ಬೆಲೆ. ಉಜ್ಜಿದ್ದನ್ನು ಕೈಗೆತ್ತಿಕೊಂಡ ಗಿರಾಕಿಯು ಹೆಬ್ಬೆರಳಿನಿಂದ ಆ ನುಣುಪಾದ ಜಾಗವನ್ನೊಮ್ಮೆ ಸವರಿ, ಮಾತಾಡದೆ ಮೇಜಿನ ಮೇಲಿಟ್ಟು ಮುಂದೆ ಹೋಗುವುದೇ ವಾಡಿಕೆ.

ಸಂಗ್ರಾಹಕರ ನ್ಯಾಯ ಸರಳವಾದದ್ದು. ವಿರಳವಾದದ್ದಕ್ಕೆ ಬೆಲೆ ಹೆಚ್ಚು. ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಎಷ್ಟು ಸಮೀಪವೋ ಅಷ್ಟು ಮರ್ಯಾದೆ. ನಾಣ್ಯ, ಅಂಚೆಚೀಟಿಗಳ ವಿಷಯದಲ್ಲಿ ಈ ನ್ಯಾಯಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಒಂದು ಸೈನ್ಯದ ಹಳೆಯ ಬಂದೂಕು, ಅದನ್ನು ಯಾರು ಮಾಡಿದರು, ಯಾರು ಹೊತ್ತರು, ಯಾರಿಂದ ಯಾರು ಕಸಿದುಕೊಂಡರು, ಯಾವ ಉಗ್ರಾಣದಲ್ಲಿ ಎಷ್ಟು ಕಾಲ ಎಣ್ಣೆಯಲ್ಲಿ ಮುಳುಗಿತ್ತು ಎಂಬುದನ್ನೆಲ್ಲ ತನ್ನ ಮೈಮೇಲೆಯೇ ಬರೆಸಿಕೊಂಡು ಬಂದ ದಾಖಲೆಯಾಗಿರುವುದರಿಂದ, ಅದರಲ್ಲಿ ಬರೆಹ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆಂಬುದು ನನಗೆ ವಿಪರೀತವಾಗಿ ಕಾಣುತ್ತದೆ. ಹೂವುಳ್ಳ ಅರಿಸಾಕಾ ಒಂದು ಸಾಮ್ರಾಜ್ಯದ ಗರ್ವವನ್ನು ಮಾತ್ರ ಹೇಳಬಲ್ಲುದು. ಹೂವಳಿದದ್ದು ಆ ಗರ್ವವನ್ನೂ ಅದರ ಅವಸಾನವನ್ನೂ ಒಟ್ಟಿಗೆ ಹೇಳುತ್ತದೆ. ಎರಡರಲ್ಲಿ ಪೂರ್ಣವಾದದ್ದು ಯಾವುದೆಂದರೆ ನಾನು ಉಜ್ಜಿದ್ದನ್ನೇ ತೋರಿಸುವೆನು.

ಓಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಏಪ್ರಿಲ್ ಮತ್ತು ನವೆಂಬರ್ ತಿಂಗಳುಗಳಲ್ಲಿ, ವರ್ಷಕ್ಕೆರಡಾವೃತ್ತಿ, ವಾನೆನ್‌ಮಾಕರ್ ಮನೆತನದವರು ನಡೆಸಿಕೊಂಡು ಬಂದಿರುವ ಮೇಳವು ಈ ಬಗೆಯ ಸಂತೆಗಳಲ್ಲೆಲ್ಲ ದೊಡ್ಡದೆಂದು ಹೆಸರಾದದ್ದು. ಒಂದೇ ಸೂರಿನಡಿಯಲ್ಲಿ ಸುಮಾರು 11 ಎಕರೆ ನೆಲ, ಅದರ ಮೇಲೆ 4,000ಕ್ಕೂ ಮಿಕ್ಕ ಮೇಜು. ನನ್ನ ಸೋದರಳಿಯ ಆ ಸೀಮೆಯಲ್ಲಿ ಉದ್ಯೋಗಕ್ಕಿರುವ ಕಾರಣ ಅದನ್ನು ನೋಡುವ ಯೋಗ ನನಗೂ ಒದಗಿತು. ಪ್ರವಾಸಿಯಾಗಿ ಹೋದ ಪರದೇಶದವನಿಗೆ ಅಲ್ಲಿಯ ಕಾಯಿದೆಯು ಸಾಮಾನ್ಯವಾಗಿ ಬಂದೂಕು ಕೊಳ್ಳಗೊಡುವುದಿಲ್ಲ. ಆದುದರಿಂದ ಕೊಳ್ಳುವ ಚಾಪಲ್ಯದ ಕಾಟವಿಲ್ಲದೆ ನೋಡುವ ನಿಶ್ಚಿಂತೆ ನನ್ನದಾಗಿತ್ತು. ಬಾಗಿಲಲ್ಲಿ ಪ್ರತಿಯೊಂದು ಆಯುಧವನ್ನೂ ತೆರೆದು ನೋಡಿ, ತೋಟಾ ಇಲ್ಲವೆಂದು ಖಾತ್ರಿಮಾಡಿಕೊಂಡು, ಬೋಲ್ಟು ಮುಚ್ಚದಂತೆ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಬಿಗಿಯುತ್ತಾರೆ. ಒಳಗೆ, ಮಾರಲೆಂದು ತಂದ ಒಂದೇ ಬಂದೂಕನ್ನು ಹೆಗಲಿಗೇರಿಸಿ, ಅದರ ಬಾಯಿಗೆ ಬೆಲೆ ಬರೆದ ಕಾಗದದ ಬಾವುಟ ಸಿಕ್ಕಿಸಿಕೊಂಡು, ಮೇಜಿಲ್ಲದ ವ್ಯಾಪಾರಿಗಳು ಓಣಿಯಿಂದ ಓಣಿಗೆ ತಿರುಗುತ್ತಾರೆ. ಹಳೆಯ ಬಂದೂಕುಗಳಿಗಿಂತ ಹೊಸವೇ ಹೆಚ್ಚು. ಅವುಗಳ ನಡುವೆ ಒಣಮಾಂಸ, ಚಾಕು, ಬೆಳ್ಳಿಯ ನಾಣ್ಯ, ಹಳೆಯ ಟೋಪಿ. “ಮಾವ, ಕೈಯಿಡುವ ಮುಂಚೆ ಒಂದು ಮಾತು ಕೇಳಿಬಿಡಿ, ಹೇಳದೆ ಮುಟ್ಟಿದರೆ ಇಲ್ಲಿಯವರಿಗೆ ಸಿಟ್ಟು ಬರುತ್ತದೆ” ಎಂದು ಅಳಿಯ ಮೊದಲೇ ಎಚ್ಚರಿಸಿದ್ದನು.

ಯುದ್ಧದ ಹಳೆಯ ರೈಫಲ್ಲುಗಳನ್ನು ಅರಸುವವರು ಆ ಜನಸಂದಣಿಯಲ್ಲಿಯೂ ಗುರುತು ಸಿಗುತ್ತಾರೆ. ಜೇಬಿನಲ್ಲಿ ಸಣ್ಣ ದೀಪ, ಕೈಯಲ್ಲಿ ಭೂತಗನ್ನಡಿ. ನಳಿಗೆಯೊಳಕ್ಕೆ ಬೆಳಕು ಬಿಟ್ಟು ಸುರುಳಿಗೆರೆಗಳು ಹೊಳೆಯುವುವೋ ಮಂಕಾಗಿರುವುವೋ ನೋಡುವುದು; ಬೋಲ್ಟಿನ ಮೇಲಿನ ಅಂಕಿಯೂ ಮೈಮೇಲಿನ ಅಂಕಿಯೂ ಒಂದೆಯೋ ಎಂದು ತಾಳೆ ಹಾಕುವುದು; ಮರವನ್ನು ಯಾರಾದರೂ ಉಜ್ಜಿ ವಾರ್ನಿಷ್ ಬಳಿದಿರುವರೋ ಎಂದು ಮೂಸಿಯೂ ನೋಡುವುದು. 1950ರ ಸುಮಾರಿಗೆ ಇಂಥ ಬಂದೂಕುಗಳು ಕೈಗಗ್ಗವಾಗಿ ಸಿಗುತ್ತಿದ್ದಾಗ, ಜಿಂಕೆ ಬೇಟೆಗೆ ಹಗುರಾಗಲೆಂದು ಮುಂದಿನ ಮರವನ್ನು ಗರಗಸದಿಂದ ಕೊಯ್ದುಹಾಕಿದ ಮನೆಗೆಲಸದ ಪ್ರವೀಣರು ಅಲ್ಲಿ ಸಾವಿರಗಟ್ಟಲೆ ಇದ್ದರು. ಅವರಿಗೆಲ್ಲ ಸೇರಿ ಸಂಗ್ರಾಹಕರು ‘ಬಬ್ಬಾ’ ಎಂಬ ಒಂದೇ ಹೆಸರಿಟ್ಟು, ಕೊಯ್ದ ಬಂದೂಕು ಕಂಡಾಗಲೆಲ್ಲ ಅವನನ್ನು ಶಪಿಸುವುದುಂಟು. ಬಬ್ಬಾನ ಮೇಲೆ ನನಗೆ ಅಷ್ಟೇನೂ ಕೋಪವಿಲ್ಲ. ಯುದ್ಧ ಮುಗಿದ ಮೇಲೆ ಆಯುಧವು ಅಡುಗೆಮನೆಗೆ ಮಾಂಸ ತಂದುಕೊಟ್ಟಿತೆಂಬುದೂ ಅದರ ಚರಿತ್ರೆಯ ಒಂದು ಅಧ್ಯಾಯವೇ.

ರಷ್ಯದ ಮೋಸಿನ್-ನಗಾಂತ್ ರೈಫಲ್ಲಿನ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಝಾರ್ ದೊರೆಯ ಸೈನ್ಯವು ಅದನ್ನು ಅಂಗೀಕರಿಸಿದ್ದು 1891ರಲ್ಲಿ. ಸೋವಿಯತ್ ಒಕ್ಕೂಟವು ಒಡೆದ ಬಳಿಕ, ತೂಲಾ ಮತ್ತು ಇಝೆವ್ಸ್ಕ್ ಕಾರ್ಖಾನೆಗಳ ಈ ರೈಫಲ್ಲುಗಳು ಮರದ ಪೆಟ್ಟಿಗೆಗಳಲ್ಲಿ, ಕಾಸ್ಮೋಲೀನ್ ಎಂಬ ಅಂಟು ಜಿಡ್ಡಿನಲ್ಲಿ ಅದ್ದಿದ ಸ್ಥಿತಿಯಲ್ಲಿಯೇ, ಹಡಗುಗಟ್ಟಲೆ ಅಮೆರಿಕಕ್ಕೆ ಬಂದಿಳಿದವು. ಆಗ ನೂರು ಡಾಲರಿಗೂ ಕಡಮೆಗೆ ಒಂದೊಂದನ್ನು ಕೊಳ್ಳಬಹುದಾಗಿತ್ತು. ಆ ಅಗ್ಗದ ಕಾಲ ಈಗ ಕಳೆದುಹೋಗಿದೆ. ಇದಕ್ಕೆಲ್ಲ ಬಹಳ ಮುಂಚೆ, ರಷ್ಯನರಿಂದ ಬಂದದ್ದನ್ನೂ ಯುದ್ಧದಲ್ಲಿ ಕಿತ್ತುಕೊಂಡದ್ದನ್ನೂ ಫಿನ್ಲೆಂಡಿನವರು ಬಿಚ್ಚಿ, ಒಳ್ಳೆಯ ನಳಿಗೆ ಜೋಡಿಸಿ, ತಮ್ಮದೇ ಮರ ತೊಡಿಸಿ, ಚೌಕದೊಳಗೆ ತಮ್ಮ ಸೈನ್ಯದ ಎರಡಕ್ಷರದ ಮುದ್ರೆಯೊತ್ತಿ, ಅದೇ ರಷ್ಯನರ ವಿರುದ್ಧ ಹಿಡಿದರು. ಇಂಥ ಎಂ-39 ಎಂಬ ರೈಫಲ್ಲಿನ ಮರ ಕಳಚಿದರೆ, ಉಕ್ಕಿನ ಬಾಲದ ಅಡಿಯಲ್ಲಿ 1897ರಂಥ ಇಸವಿ ಕಾಣಿಸಿಕೊಳ್ಳುವುದುಂಟು. ಅಮೆರಿಕದ ಕಾಯಿದೆಯ ದೃಷ್ಟಿಯಲ್ಲಿ ಆ ಉಕ್ಕಿನ ಗೂಡೇ ಬಂದೂಕು, ಮಿಕ್ಕವೆಲ್ಲ ಬಿಡಿಭಾಗ. 1898ರವರೆಗೆ ತಯಾರಾದದ್ದು ಪುರಾತನ ವಸ್ತು. ಅಂದರೆ ಎರಡನೆಯ ಮಹಾಯುದ್ಧಕ್ಕಾಗಿ ಕಟ್ಟಿದ ಬಂದೂಕೊಂದು, ಮೂಲೆಯ ಅಂಗಡಿಯ ಗಡಿಯಾರದಂತೆ, ಯಾವ ಪರವಾನಗಿಯ ಗೊಡವೆಯೂ ಇಲ್ಲದೆ ಕೈ ಬದಲಾಯಿಸಬಲ್ಲುದು! ಕಾಯಿದೆಯ ಈ ವಿಚಿತ್ರದ ಮಾತು ಹಾಗಿರಲಿ. ಎರಡು ಸಾಮ್ರಾಜ್ಯ, ಒಂದು ಕ್ರಾಂತಿ, ಒಂದು ಚಳಿಗಾಲದ ಯುದ್ಧ ಇಷ್ಟನ್ನೂ ಒಂದೇ ಕೈಯಗಲದ ಉಕ್ಕಿನ ಮೇಲೆ ಓದಬಹುದಾದ ವಸ್ತು ಬೇರೆಲ್ಲಿದೆ?

ಸ್ವಿಟ್ಜರ್ಲೆಂಡಿನ ಕೆ-31 ಯಾವ ಯುದ್ಧವನ್ನೂ ಕಂಡದ್ದಲ್ಲ. ಆದರೂ ಅದರ ಹಿಂಬದಿಯ ಲೋಹದ ತಗಡನ್ನು ಬಿಚ್ಚಿದವರಿಗೆ ಎಷ್ಟೋ ವೇಳೆ ಒಂದು ಚಿಕ್ಕ ಚೀಟಿ ಸಿಗುತ್ತದೆ. ಅದರಲ್ಲಿ ಆ ರೈಫಲ್ಲನ್ನು ಹೊತ್ತಿದ್ದ ಸಿಪಾಯಿಯ ಹೆಸರೂ ಅವನ ಪಡೆಯ ವಿವರವೂ ಇರುತ್ತವೆ. ಮರದ ಕೆಳಭಾಗ ಮಾತ್ರ ಹಲ್ಲಿನಿಂದ ಕಚ್ಚಿದಂತೆ ಜರ್ಜರಿತವಾಗಿರುವುದಕ್ಕೆ, ಹಿಮದಲ್ಲಿ ಊರಿ ನಿಲ್ಲಿಸಿದ್ದೂ ಮೊಳೆಯ ಬೂಟುಗಳು ತಾಗಿದ್ದೂ ಕಾರಣವೆನ್ನುತ್ತಾರೆ. ಆ ಗಾಯಗಳನ್ನು ನೋಡಿ ಬೆಲೆಯಲ್ಲಿ ಚೌಕಾಸಿ ಮಾಡುವವನೇ, ಒಳಗಿನ ಚೀಟಿ ಸಿಕ್ಕಿದರೆ ಹರ್ಷದಿಂದ ಹಿಗ್ಗುತ್ತಾನೆ. ಎರಡೂ ಬರೆಹವೇ ಎಂಬುದು ಅವನಿಗೇಕೆ ಹೊಳೆಯದೋ ನಾನರಿಯೆ.

ನನ್ನ ಮಾತಿಗೆ ಪ್ರತಿಯಾಗಿ ಸಂಗ್ರಾಹಕರು ಹೇಳಬಹುದಾದದ್ದೂ ಇದೆ, ಅದು ಹಗುರವಾದದ್ದಲ್ಲ. ಎಲ್ಲ ಬಿಡಿಭಾಗಗಳ ಅಂಕಿಯೂ ಒಂದೇ ಆಗಿರುವ, ಯಾರೂ ತಿದ್ದದ ರೈಫಲ್ಲು ಇಲ್ಲದಿದ್ದರೆ, ತಿದ್ದಿದ್ದು ಯಾವುದು, ಏನನ್ನು ತಿದ್ದಿದರು ಎಂದು ತಿಳಿಯುವುದಕ್ಕೆ ಆಧಾರವೇ ಇರುವುದಿಲ್ಲ. ಒಪ್ಪಬೇಕಾದ ಮಾತು. ಆದರೆ ಆಧಾರಕ್ಕೆಂದು ಕೆಲವು ಸಾಕು. ಸಂತೆಯ ಬೆಲೆಯೆಲ್ಲ ಶುದ್ಧಿಯೊಂದರ ಸುತ್ತಲೇ ಸುತ್ತತೊಡಗಿದಾಗ ಏನಾಗುವುದೆಂದರೆ, ಶುದ್ಧಿಯನ್ನು ತಯಾರಿಸುವ ಕಸುಬೇ ಹುಟ್ಟಿಕೊಳ್ಳುತ್ತದೆ. ಹಳೆಯ ಅಂಕಿಯನ್ನು ಒರಸಿ ಹೊಸದನ್ನು ಹೊಡೆಯುವವರು, ಸಾಣೆ ಹಿಡಿದ ಜಾಗದಲ್ಲಿ ಮರಳಿ ಹೂ ಕೆತ್ತುವವರು, ಬೇರೆ ಬೇರೆ ಬಂದೂಕುಗಳ ಭಾಗ ಕೂಡಿಸಿ ಕನ್ಯಾವಸ್ಥೆಯದೆಂದು ಮಾರುವವರು ಈ ವ್ಯಾಪಾರದಲ್ಲಿ ಎಂದಿನಿಂದಲೂ ಇದ್ದಾರೆ.

ಇದರ ಅತ್ಯಂತ ಕುತ್ಸಿತವಾದ ರೂಪವನ್ನು ಕಾಣಬೇಕಾದರೆ ಜರ್ಮನಿಯ ಮೌಸರ್ 98ಕೆ ರೈಫಲ್ಲುಗಳ ಮೇಜಿಗೆ ಹೋಗಬೇಕು. ಹಿಟ್ಲರನ ಕಾಲದ ಹದ್ದು ಮತ್ತು ಸ್ವಸ್ತಿಕದ ಮುದ್ರೆ ಸ್ಫುಟವಾಗಿರುವುದಕ್ಕೆ ಹೆಚ್ಚು ಬೆಲೆ. ಎಸ್‌ಎಸ್ ಪಡೆಯದೆಂದು ರುಜುವಾತುಪಡಿಸಬಲ್ಲುದಕ್ಕೆ ಇನ್ನೂ ಹೆಚ್ಚು. ಮತ್ತು ಅದೇ ಕಾರಣದಿಂದ ಎಸ್‌ಎಸ್ ಮುದ್ರೆಗಳಲ್ಲಿ ಕೂಟಮುದ್ರೆಗಳೂ ಹೇರಳ. ಯುಗೊಸ್ಲಾವಿಯದವರು ತಾವು ವಶಪಡಿಸಿಕೊಂಡ ಇದೇ ರೈಫಲ್ಲಿನ ಮೇಲಿನ ಜರ್ಮನ್ ಗುರುತುಗಳನ್ನು ಉಜ್ಜಿ, ತಮ್ಮ ಗಣರಾಜ್ಯದ ಲಾಂಛನವನ್ನು ಒತ್ತಿದರು. ಸೋವಿಯತ್ತರು ರಾಶಿ ಹಾಕಿ ಬಿಚ್ಚಿ ಮರುಜೋಡಣೆ ಮಾಡಿ, ಗೆದ್ದುಕೊಂಡದ್ದೆಂಬುದಕ್ಕೆ ಒಂದು ಇಂಟು ಗುರುತು ಹೊಡೆದರು. ಸಂತೆಯಲ್ಲಿ ಇವೆರಡೂ ಬಡ ದಾಯಾದಿಗಳು. ಮನೆ ಸುಟ್ಟವನ ಮೊಹರಿಗೆ ಗೌರವ, ಸುಟ್ಟುಕೊಂಡವನು ಆ ಮೊಹರನ್ನು ಅಳಿಸಿ ಹಾಕಿದ ಗುರುತಿಗೆ ತಿರಸ್ಕಾರ ಎಂಬ ಈ ಕ್ರಮವನ್ನು ಕೇವಲ ವಿರಳತೆಯ ಅರ್ಥಶಾಸ್ತ್ರವೆಂದು ಸಮರ್ಥಿಸುವವರ ಮನಸ್ಸಾಕ್ಷಿ ತೀರ ನಿರುಪದ್ರವಿಯಾದದ್ದಿರಬೇಕು. ಆ ಮೇಜುಗಳ ಹಿಂದೆ ಕೂತವರು ದುಷ್ಟರೆಂದು ನಾನು ಹೇಳುತ್ತಿಲ್ಲ. ಬಹುಮಂದಿ ಸೌಮ್ಯರಾದ ಮುದುಕರು, ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಡುವವರು. ಬೆಲೆಯ ಚೀಟಿಯಲ್ಲಿ ಅವರು ಬರೆದ ಅಂಕಿಯು ಅವರ ಹೃದಯದ ಮಾತಲ್ಲದಿರಬಹುದು. ಆದರೂ ಅದು ಒಂದು ತೀರ್ಪು.

ಈ ವ್ಯಾಪಾರದ ಮೂಲವನ್ನು ಹುಡುಕಿಕೊಂಡು ಹೋದರೆ, ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ಪಟ್ಟಣದ ನದೀತೀರದ ಉಗ್ರಾಣಗಳಲ್ಲಿ, ಸ್ಯಾಮ್ಯುಯೆಲ್ ಕಮಿಂಗ್ಸ್ ಎಂಬಾತನು 1953ರಲ್ಲಿ ತೆರೆದ ಸಂಸ್ಥೆಗೆ ಬಂದು ನಿಲ್ಲುತ್ತೇವೆ. ಯುದ್ಧ ಮುಗಿಸಿದ ದೇಶಗಳ ಬೇಡದ ಆಯುಧಗಳನ್ನು ಅಗ್ಗದಲ್ಲಿ ಕೊಂಡು ಅಮೆರಿಕದ ಮನೆಮನೆಗೂ ಮುಟ್ಟಿಸುವುದರಲ್ಲಿ ಅವನ ಸಮಾನರು ಇರಲಿಲ್ಲ. ಇದರಿಂದ ಆ ದೇಶದ ಬಂದೂಕು ತಯಾರಕರಿಗೆ ಪೆಟ್ಟು ಬಿದ್ದಿತು; ಅಂಥ ಕಾರ್ಖಾನೆಗಳು ಬಹಳವಾಗಿದ್ದ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟರೊಬ್ಬನು 1958ರಲ್ಲಿ, ಸೈನ್ಯಗಳ ಹಳೆಯ ಬಂದೂಕುಗಳ ಆಮದನ್ನು ತಡೆಯುವ ಮಸೂದೆಯೊಂದನ್ನು ಮಂಡಿಸಿದನು. ಅದು ಕಾಯಿದೆಯಾಗಲಿಲ್ಲ. ಆ ಸೆನೆಟರನ ಹೆಸರು ಜಾನ್ ಎಫ್. ಕೆನಡಿ. ಐದು ವರ್ಷಗಳ ನಂತರ, 1963ರ ಮಾರ್ಚಿಯಲ್ಲಿ, ಲೀ ಹಾರ್ವಿ ಆಸ್ವಾಲ್ಡ್ ಎಂಬವನು ಸುಳ್ಳು ಹೆಸರಿನಲ್ಲಿ ಶಿಕಾಗೋದ ಅಂಗಡಿಯೊಂದಕ್ಕೆ ಪತ್ರಿಕೆಯ ಜಾಹೀರಾತಿನ ಚೀಟಿ ಕಳುಹಿಸಿ, ಇಟಲಿಯ ಸೈನ್ಯದ ಹಳೆಯ ಕಾರ್ಕಾನೋ ರೈಫಲ್ಲೊಂದನ್ನು ದುರ್ಬೀನು ಸಹಿತವಾಗಿ 19.95 ಡಾಲರಿಗೆ ಅಂಚೆಯಲ್ಲಿ ತರಿಸಿಕೊಂಡನು. ಅಂಚೆವೆಚ್ಚ ಬೇರೆ ಒಂದೂವರೆ ಡಾಲರು. ನವೆಂಬರಿನಲ್ಲಿ, ಆ ವೇಳೆಗೆ ಅಧ್ಯಕ್ಷರಾಗಿದ್ದ ಕೆನಡಿಯವರ ಹತ್ಯೆಯಾದದ್ದು ಅದರಿಂದ. 1968ರ ಕಾಯಿದೆಯು ಅಂಚೆಯ ಮೂಲಕ ಬಂದೂಕು ತರಿಸುವುದನ್ನೂ ಸೈನ್ಯಗಳ ಹಳೆಯ ಬಂದೂಕಿನ ಆಮದನ್ನೂ ನಿಲ್ಲಿಸಿತು. 1984ರಲ್ಲಿ ಸಂಗ್ರಾಹಕರ ಸಲುವಾಗಿ ಆ ಬಾಗಿಲನ್ನು ಮತ್ತೆ ಅರ್ಧ ತೆರೆದರು.

ಆ ಅರ್ಧ ತೆರೆದ ಬಾಗಿಲಿನಿಂದ ಬಂದವುಗಳಲ್ಲಿ ನಮ್ಮ ದೇಶದವೂ ಉಂಟು. ಬಂಗಾಳದ ಇಷಾಪುರದಲ್ಲಿ, ಹೂಗ್ಲಿ ನದಿಯ ದಡದ ಸರಕಾರಿ ಕಾರ್ಖಾನೆಯಲ್ಲಿ, ಬ್ರಿಟಿಷರ ಕಾಲದಿಂದ .303 ಲೀ-ಎನ್‌ಫೀಲ್ಡ್ ರೈಫಲ್ಲುಗಳು ತಯಾರಾಗುತ್ತಿದ್ದವು. ಸ್ವಾತಂತ್ರ್ಯಕ್ಕೆ ಮುಂಚಿನವುಗಳ ಮೇಲೆ ಕಿರೀಟ ಮತ್ತು ದೊರೆಯ ಹೆಸರಿನ ಅಕ್ಷರಗಳು. ಆಮೇಲಿನವುಗಳ ಮೇಲೆ ಅಶೋಕನ ಸಿಂಹ. 1962ರ ಚೀನಾ ಯುದ್ಧದ ತರುವಾಯ, ಹೊಸ ಅರೆ-ಸ್ವಯಂಚಾಲಿತ ರೈಫಲ್ಲು ಸಾಕಷ್ಟು ಒದಗುವವರೆಗೆ ಕೈಯಲ್ಲೊಂದು ಆಯುಧ ಬೇಕಾಯಿತಾಗಿ, ಅಲ್ಲಿಯ ಕೆಲಸಗಾರರು ಅದೇ ಹಳೆಯ ಮಾದರಿಯನ್ನು ಉತ್ತಮವಾದ ಉಕ್ಕಿನಲ್ಲಿ ಕಟ್ಟಿ, 7.62 ಮಿ.ಮೀ. ತೋಟಾಕ್ಕೆ ಹೊಂದಿಸಿ, 2ಎ ಮತ್ತು 2ಎ1 ಎಂದು ಕರೆದರು. ಮೊದಲನೆಯದರ ಗುರಿಪಟ್ಟಿ 2,000 ಗಜದವರೆಗೆ ಗುರುತು ಹಾಕಿದ ಹಳೆಯದು. ಎರಡನೆಯದರದು 800 ಮೀಟರಿಗೆ ಇಳಿದದ್ದು. ಟಲ್ಸಾದ ಮೇಜಿನ ಮೇಲೆ ಇಂಥದೊಂದು, ಇಂಗ್ಲೆಂಡಿನಲ್ಲಿ ಹುಟ್ಟಿದ ತನ್ನ ಅಣ್ಣಂದಿರಿಗಿಂತ ಕಡಮೆಯ ಬೆಲೆ ತಗುಲಿಸಿಕೊಂಡು ಮಲಗಿತ್ತು. ಮರ ಬಿರಿಯದಿರಲೆಂದು ಇಷಾಪುರದವರು ಅಡ್ಡಲಾಗಿ ತೊಡಿಸುವ ತಿರುಪನ್ನೂ, ಗ್ರೆನೇಡ್ ಹಾರಿಸುವ ರೈಫಲ್ಲುಗಳ ಮುಂಭಾಗಕ್ಕೆ ಬಿಗಿಯಾಗಿ ಸುತ್ತಿದ ತಂತಿಯನ್ನೂ ಸಂತೆಯವರು ಒರಟು ಕೆಲಸದ ಲಕ್ಷಣವೆಂದು ತೋರಿಸುತ್ತಾರೆ. ಬಡದೇಶವೊಂದು ಇದ್ದದ್ದನ್ನೇ ಹದಗೆಡದಂತೆ ಹಿಡಿದು ನಡೆಸಿದ ಜಾಣ್ಮೆ ಅದರಲ್ಲಿ ನನಗೆ ಕಂಡಿತು. ನಮ್ಮಲ್ಲಿ .303 ಗುಂಡಿನ ಬಂದೂಕು ನಿಷೇಧಿತ ವರ್ಗದ್ದಾದುದರಿಂದ ಸಾಮಾನ್ಯ ಪ್ರಜೆಯು ಅದನ್ನು ಇಟ್ಟುಕೊಳ್ಳಲಾರನು; ಇಷಾಪುರದ್ದನ್ನು ಮುಟ್ಟಿ ನೋಡಬೇಕಾದರೆ ಓಕ್ಲಹೋಮಾಕ್ಕೆ ಹೋಗಬೇಕಾಯಿತೆಂಬುದು ಒಂದು ಸೋಜಿಗ.

(ನೇಪಾಳದ ಕತೆ ಇದಕ್ಕಿಂತ ದೊಡ್ಡದು: ಕಾಠ್ಮಂಡುವಿನ ಅರಮನೆಯೊಂದರಲ್ಲಿ ಧೂಳು ತಿನ್ನುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಇಡೀ ಶಸ್ತ್ರಾಗಾರವನ್ನೇ 2003ರಲ್ಲಿ ಅಮೆರಿಕದ ವ್ಯಾಪಾರಿಗಳು ಕೊಂಡೊಯ್ದರು. ನೇಪಾಳದವರು ತಾವೇ ಕಟ್ಟಿದ ಗಹೇಂದ್ರ ರೈಫಲ್ಲುಗಳೂ ಅದರಲ್ಲಿದ್ದುವು.)

ಇನ್ನು ಕಾಗದದ ಮಾತು. ಯುದ್ಧಭೂಮಿಯಿಂದ ತಂದ ಬಂದೂಕಿನೊಡನೆ, ಅದನ್ನು ಮನೆಗೊಯ್ಯಲು ಅನುಮತಿ ಕೊಟ್ಟ 1945ರ ಸೈನ್ಯಾಧಿಕಾರಿಯ ಸಹಿಯುಳ್ಳ ಹಾಳೆಯಿದ್ದರೆ ಸಂಗ್ರಾಹಕರು ಸಂತೋಷದಿಂದ ಹೆಚ್ಚಿನ ಹಣ ತೆರುತ್ತಾರೆ. ಯಾರು, ಎಲ್ಲಿ, ಎಂದು ಎಂಬ ಮೂರು ಮಾತು ಅದರಲ್ಲಿರುತ್ತವೆ. ಆದರೆ ಇಂದಿನ ಮಾರಾಟಕ್ಕೆ ಅದೇ ಮೂರು ಮಾತನ್ನು ಬರೆಯಿರೆಂದರೆ ಅವರಲ್ಲಿ ಅನೇಕರ ಮುಖ ಕೆಂಪಾಗುತ್ತದೆ. ಪರವಾನಗಿಯುಳ್ಳ ವ್ಯಾಪಾರಿಯು ಕೊಳ್ಳುವವನಿಂದ ನಮೂನೆ ತುಂಬಿಸಿಕೊಂಡು ಅವನ ಪೂರ್ವಾಪರವನ್ನು ಸರಕಾರದಿಂದ ವಿಚಾರಿಸತಕ್ಕದ್ದು. ಕಸುಬಿನ ವ್ಯಾಪಾರಿಯಲ್ಲದ ಖಾಸಗಿ ಮನುಷ್ಯನು ಅದೇ ರಾಜ್ಯದ ಇನ್ನೊಬ್ಬನಿಗೆ ಮಾರಿದರೆ ಕೇಂದ್ರದ ಕಾಯಿದೆಯು ಅಂಥ ವಿಚಾರಣೆಯನ್ನು ಕಡ್ಡಾಯ ಮಾಡಿಲ್ಲ. ಕೊಲೊರಾಡೊ ರಾಜ್ಯದ ಕೊಲಂಬೈನ್ ಶಾಲೆಯಲ್ಲಿ 1999ರಲ್ಲಿ ನಡೆದ ಸಾಮೂಹಿಕ ಹತ್ಯೆಗೆ ಬಳಕೆಯಾದ ಬಂದೂಕುಗಳಲ್ಲಿ ಕೆಲವು ಹೀಗೆಯೇ ಇಂಥ ಸಂತೆಯೊಂದರಿಂದ ಬಂದಿದ್ದವು. ಮರುವರ್ಷ, 2000ದಲ್ಲಿ, ಅಲ್ಲಿಯ ಮತದಾರರು ತಮ್ಮ ರಾಜ್ಯದ ಮಟ್ಟಿಗೆ ಆ ಕಂಡಿಯನ್ನು ಮುಚ್ಚಿದರು. ಬೋಲ್ಟಿನ ಹಳೆಯ ರೈಫಲ್ಲುಗಳನ್ನು ಅಪರಾಧಿಗಳು ಅಷ್ಟಾಗಿ ಬಯಸುವುದಿಲ್ಲವೆಂಬ ಸಂಗ್ರಾಹಕರ ವಾದವನ್ನು ನಾನು ಒಪ್ಪುವೆನು, ಕಾರ್ಕಾನೋ ಒಂದನ್ನು ಮರೆಯದೆ. ಆದರೆ ನನ್ನ ಆಕ್ಷೇಪ ಬೇರೆ. ಹುಟ್ಟುಪತ್ತೆಯೇ ಸರ್ವಸ್ವವೆನ್ನುವ ಹವ್ಯಾಸದವರು, ತಮ್ಮ ಕೈಯಿಂದ ದಾಟುವಾಗ ಮಾತ್ರ ಆ ಪತ್ತೆಯ ಎಳೆಯನ್ನು ಕತ್ತರಿಸುವುದನ್ನು ಹಕ್ಕೆಂದು ಕರೆಯುವುದೇ? 50 ವರ್ಷ ಮೀರಿದ ಬಂದೂಕುಗಳಿಗೆಂದು ಅಮೆರಿಕದ ಸರಕಾರ ಕೊಡುವ ಸಂಗ್ರಾಹಕರ ಪರವಾನಗಿಗೆ ಮೂರು ವರ್ಷಕ್ಕೆ 30 ಡಾಲರು. ಅದನ್ನು ಪಡೆದವನು, ಬಂದದ್ದು ಯಾರಿಂದ, ಹೋದದ್ದು ಯಾರಿಗೆ ಎಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಆ ಪುಸ್ತಕವನ್ನು ಕೆಲವರು ಪೀಡೆಯೆಂದು ಬಗೆಯುತ್ತಾರೆ. ಮುಂದಿನ ಶತಮಾನದ ಸಂಗ್ರಾಹಕನು ಬಂದೂಕಿಗಿಂತ ಮೊದಲು ಕೇಳುವುದು ಅದನ್ನೇ ಎಂದು ನನ್ನ ಊಹೆ.

ಅಮೆರಿಕದವರಿಗೆ ಇಷ್ಟು ಉಪದೇಶ ಹೇಳಿದ ಮೇಲೆ ನಮ್ಮ ಮನೆಯ ಕಡೆಗೂ ನೋಡಬೇಕು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಮನೆತನದ ಕೋವಿಗೆ ಹೂವಿಟ್ಟು ಪೂಜಿಸುವರು. ಅದರ ಅಂಕಿಗಳು ಹೊಂದುವುವೋ ಇಲ್ಲವೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಯಾರ ತಾತ ಅದನ್ನು ಹಿಡಿದಿದ್ದನೆಂಬುದನ್ನು ಎಲ್ಲರೂ ಬಲ್ಲರು. ಆದರೆ ಪೊಲೀಸರ .303ಕ್ಕೆ ಅಂಥ ಮನೆತನವಿಲ್ಲ. 2008ರಲ್ಲಿ ಮುಂಬಯಿಯ ಛತ್ರಪತಿ ಶಿವಾಜಿ ನಿಲ್ದಾಣದ ಮೇಲೆ ಭಯೋತ್ಪಾದಕರ ದಾಳಿಯಾದಾಗ ಕಾವಲುಗಾರರು ಹಿಡಿದು ನಿಂತದ್ದು ಅದನ್ನು. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ಅದಕ್ಕೆ ವಿಧಿಪೂರ್ವಕವಾಗಿ ವಿದಾಯ ಹೇಳಿದರು. ನಿವೃತ್ತವಾದವು ಕಡೆಗೆ ಕುಲುಮೆ ಸೇರುವುದಾದರೆ ನನಗೆ ದುಃಖವಿಲ್ಲ. ಅವು ಬೀದಿಗೆ ಬರುವುದಕ್ಕಿಂತ ಕರಗುವುದು ಲೇಸು. ಆದರೆ ಜಿಲ್ಲೆಗೊಂದರಂತೆ, ಗುಂಡು ಹಾರದಂತೆ ನಳಿಗೆಯನ್ನು ಬೆಸೆದು, ತೀರ ಸವೆದ, ತಿರುಪು ತಂತಿಗಳ ಒಂದೊಂದು ರೈಫಲ್ಲನ್ನು ಜಿಲ್ಲಾ ಪೊಲೀಸ್ ಕಚೇರಿಯ ಗೋಡೆಯ ಮೇಲಿರಿಸಿ, ಅದು ಯಾವ ಇಸವಿಯಲ್ಲಿ ಇಷಾಪುರದಿಂದ ಹೊರಟಿತು, ಯಾವ ಠಾಣೆಗಳಲ್ಲಿ ಇತ್ತು ಎಂಬ ಶಸ್ತ್ರಾಗಾರದ ರಿಜಿಸ್ಟರಿನ ಪುಟದ ಪ್ರತಿಯನ್ನು ಪಕ್ಕದಲ್ಲಿ ತೂಗುಹಾಕುವುದಕ್ಕೆ ಸರಕಾರಕ್ಕೆ ಆಗುವ ವೆಚ್ಚ ಒಂದು ಚೌಕಟ್ಟಿನ ಬೆಲೆಯಷ್ಟೆ. ರಿಜಿಸ್ಟರುಗಳನ್ನು ಹಳೆಯ ಕಾಗದದೊಡನೆ ವಿಲೇವಾರಿ ಮಾಡುವ ಮುಂಚೆ ಈ ಕೆಲಸ ಆಗಬೇಕು.